ಡಾಲರ್ ಪಾಲು 56ಕ್ಕೆ ಇಳೀತಂತೆ, ನಮ್ ಬ್ಯಾಂಕಲ್ಲಿ ಮಾತ್ರ ಡಾಲರ್ 88 ದಾಟಿದೆ – ಯಾವ್ದನ್ನ ನಂಬ್ಲಿ?

ಪೀಣ್ಯ ಲೇತ್:

ಎಲ್ರಿಗೂ ನಮಸ್ಕಾರ, ಇದನ್ನ ಎಲ್ಲಿ ಕೇಳ್ಬೇಕೋ ಗೊತ್ತಾಗ್ಲಿಲ್ಲ, ಅದಕ್ಕೆ ಇಲ್ಲೇ ಹಾಕ್ತಿದೀನಿ. ಪೀಣ್ಯ ಎರಡನೇ ಹಂತದಲ್ಲಿ ನಮ್ದೊಂದು ಸಣ್ಣ ಶೆಡ್ಡು, ಮೂರು ಸಿಎನ್‌ಸಿ ಮತ್ತೆ ಅಪ್ಪನ ಕಾಲದ್ದೊಂದು ಲೇತು. ಹಿತ್ತಾಳೆ ಬುಷ್ ಮಾಡಿ ಜರ್ಮನಿಗೆ ಕಳಿಸ್ತೀವಿ, ಒಂದು ಪೀಸಿಗೆ 4.32 ಡಾಲರ್. ಜರ್ಮನಿಗೆ ಯಾಕೆ ಡಾಲರಲ್ಲಿ ಬಿಲ್ಲು ಅಂತ ಕೇಳ್ಬೇಡಿ, ಮೊದಲ್ನೇ ಆರ್ಡರ್ ತಂದ ಏಜೆಂಟು ಡಾಲರಲ್ಲೇ ಹಾಕಿ ಅಂದ, ಹಾಕಿದ್ವಿ, ಅದೇ ನಡ್ಕೊಂಡ್ ಬಂದಿದೆ.

ಆಯುಧಪೂಜೆ ದಿನ ಬಾಮೈದ ಬಂದಿದ್ದ. ಕಡ್ಲೆಪುರಿ ಮುಕ್ಕುತ್ತಾ ಷೇರು ಮಾರ್ಕೆಟ್ ಪುರಾಣ ಶುರು ಮಾಡ್ದ, ಆಮೇಲೆ ಎರಡೇ ದಿನಕ್ಕೆ ವಾಟ್ಸಾಪಲ್ಲಿ ಒಂದು ಗ್ರಾಫು ಕಳಿಸಿದಾನೆ. ಐಎಂಎಫ್‌ನವ್ರ ಹೊಸ ಕ್ವಾರ್ಟರ್ ಅಂಕಿ ಬಂದಿದೆಯಂತೆ, ಪ್ರಪಂಚದ ದೇಶಗಳು ಇಟ್ಕೊಂಡಿರೋ ವಿದೇಶಿ ಹಣದಲ್ಲಿ ಡಾಲರ್ ಪಾಲು ಮೂರೇ ತಿಂಗಳಲ್ಲಿ 57.79%ರಿಂದ 56.32%ಕ್ಕೆ ಬಿದ್ದಿದೆಯಂತೆ. 'ಭಾವ, ಡಾಲರ್ ಕಥೆ ಮುಗೀತು, ಮುಂದಿನ ಒಂದು ವರ್ಷದ ಪೇಮೆಂಟನ್ನೆಲ್ಲ ಇವತ್ತಿನ ರೇಟಿಗೆ ಫಾರ್ವರ್ಡ್ ಬುಕ್ ಮಾಡಿ ಲಾಕ್ ಮಾಡ್ಬಿಡಿ' ಅಂತ ದಿನಾ ಫೋನು (ಫಾರ್ವರ್ಡ್ ಅಂದ್ರೆ ಮುಂದೆ ಬರೋ ಡಾಲರನ್ನ ಯಾವ ರೇಟಿಗೆ ಮಾರೋದು ಅಂತ ಬ್ಯಾಂಕ್ ಜೊತೆ ಈಗ್ಲೇ ಮಾಡ್ಕೊಳ್ಳೋ ಒಪ್ಪಂದ).

ಆದ್ರೆ ನಾನು ಬ್ಯಾಂಕ್ ಅಡ್ವೈಸ್ ತೆಗೆದು ನೋಡಿದ್ರೆ 2025ರ ಮಾರ್ಚಲ್ಲಿ 85 ಚಿಲ್ಲರೆ ಇದ್ದ ಡಾಲರ್ ಈಗ ಅಕ್ಟೋಬರಲ್ಲಿ 88 ಚಿಲ್ಲರೆ. ಬೀಳ್ತಿರೋದು ಡಾಲರೋ ನಮ್ ರುಪಾಯೋ? ಎರಡೂ ಒಟ್ಟಿಗೆ ಹೇಗೆ ಬೀಳತ್ತೆ ಗುರು? ನಾನು ಓದಿರೋದು ಡಿಪ್ಲೊಮಾ ಮೆಕ್ಯಾನಿಕಲ್, ದಯವಿಟ್ಟು ಅರ್ಥ ಆಗೋ ಹಾಗೆ ಹೇಳಿ.


ಇಡ್ಲಿ ಸೂಚ್ಯಂಕ:

ಬಸವನಗುಡಿ ಕಡೆ ದರ್ಶಿನಿಲಿ ಕಾಫಿ ರೇಟ್ ನೋಡಿದ್ರೆ ಬೀಳ್ತಿರೋದು ರುಪಾಯಿನೇ ಅಂತ ಕಣ್ಣು ಮುಚ್ಕೊಂಡ್ ಹೇಳ್ಬೋದು 😄


ಶುಕ್ರವಾರದ ಲೆಕ್ಕ:

ಪೀಣ್ಯ ಸಾರ್, ನಾನು ಒಂದು ಬ್ಯಾಂಕಿನ ಟ್ರೆಶರಿಲಿ ಹನ್ನೊಂದು ವರ್ಷ ಕೂತಿದ್ದೆ, ಈಗ ಬಿಟ್ಟಿದೀನಿ, ಆದ್ರೆ ಶುಕ್ರವಾರ ಸಂಜೆ ಆದ್ರೆ ಆರ್‌ಬಿಐ ಅಂಕಿ ನೋಡೋ ಚಟ ಬಿಟ್ಟಿಲ್ಲ. ನಿಮ್ ಬಾಮೈದ ಕಳ್ಸಿರೋ ಅಂಕಿ ಸುಳ್ಳಲ್ಲ. ಆದ್ರೆ ಅದು ಡಾಲರಿನ ರೇಟೇ ಅಲ್ಲ, ಪಾಲು. ಎರಡನ್ನೂ ಒಂದೇ ತಟ್ಟೆಗೆ ಹಾಕಿ ಕಲಸಿದಾರೆ, ಗಲಾಟೆ ಅಲ್ಲೇ ಶುರು ಆಗಿರೋದು.

ದೇಶಗಳ ವಿದೇಶಿ ಹಣದಲ್ಲಿ ಯಾವ ಕರೆನ್ಸಿ ಪಾಲು ಎಷ್ಟು ಅಂತ ಹೇಳೋ ಆ ಪಟ್ಟಿ ಹೆಸರು ಕೋಫರ್. ಸುಮಾರು 150 ದೇಶಗಳ ಲೆಕ್ಕ ಸೇರ್ಸಿ ಐಎಂಎಫ್ ಮೂರು ತಿಂಗಳಿಗೊಮ್ಮೆ ಕೊಡತ್ತೆ, ಅದೂ ಒಂದು ಕ್ವಾರ್ಟರ್ ತಡವಾಗಿ. ಅಂದ್ರೆ ಈಗ ಅಕ್ಟೋಬರಲ್ಲಿ ನೀವು ನೋಡ್ತಿರೋದು ಜೂನ್ 30ನೇ ತಾರೀಕು ತೆಗೆದ ಫೋಟೋ. ಯಾವ ದೇಶ ಎಷ್ಟು ಇಟ್ಟಿದೆ ಅಂತ ಅದ್ರಲ್ಲಿ ಬಿಡ್ಸಿ ಹೇಳಲ್ಲ, ಗುಟ್ಟು, ಬರೀ ಒಟ್ಟು ಲೆಕ್ಕ. ಒಟ್ಟು ಅಂದ್ರೆ ಹತ್ರ ಹತ್ರ 13 ಟ್ರಿಲಿಯನ್ ಡಾಲರು, ನಮ್ ಲೆಕ್ಕದಲ್ಲಿ 13 ಲಕ್ಷ ಕೋಟಿ ಡಾಲರು.

ಈಗ ಮುಖ್ಯ ವಿಷ್ಯಕ್ಕೆ ಬರ್ತೀನಿ. ನಿಮ್ಮನೆ ಬೀರು ನೆನೆಸ್ಕೊಳಿ. 6 ಲಕ್ಷ ಎಫ್‌ಡಿ, 4 ಲಕ್ಷದ ಒಡವೆ, ಎಫ್‌ಡಿ ಪಾಲು 60%. ಚಿನ್ನದ ರೇಟ್ ಏರಿ ಅದೇ ಒಡವೆ 5 ಲಕ್ಷ ಬೆಲೆ ಬಾಳ್ತು ಅನ್ಕೊಳಿ. ಈಗ ಒಟ್ಟು 11 ಲಕ್ಷ, ಅದ್ರಲ್ಲಿ ಎಫ್‌ಡಿ 6, ಪಾಲು 54.5%. ನೀವು ಎಫ್‌ಡಿ ಮುರಿಸಿದ್ರಾ? ಇಲ್ಲ. ಮನೆಯವ್ರು ಹೊಸ ಬಳೆ ತಗೊಂಡ್ರಾ? ಅದೂ ಇಲ್ಲ. ಬೀರು ಬಾಗಿಲು ಕೂಡ ಯಾರೂ ತೆಗ್ದಿಲ್ಲ, ಆದ್ರೂ ಎಫ್‌ಡಿ ಪಾಲು ಐದೂವರೆ ಪಾಯಿಂಟ್ ಇಳೀತು. (ಚಿನ್ನ ಬರೀ ಉದಾಹರಣೆಗೆ ಹೇಳಿದ್ದು, ಕೋಫರ್ ಪಟ್ಟಿಲಿ ಚಿನ್ನ ಲೆಕ್ಕಕ್ಕೇ ಇಲ್ಲ.)

ಕೋಫರಲ್ಲಿ ಎಲ್ಲಾ ಕರೆನ್ಸಿನೂ ಡಾಲರಿಗೆ ಪರಿವರ್ತನೆ ಮಾಡಿ ಕೂಡ್ತಾರೆ. ಮಾರ್ಚ್ ಕೊನೆಗೆ ಒಂದು ಯೂರೋಗೆ 1.08 ಡಾಲರ್ ಇತ್ತು, ಜೂನ್ ಕೊನೆಗೆ 1.17. ಹಂಗಾಗಿ ಬೇರೆ ದೇಶಗಳ ಬೀರುಲಿದ್ದ ಯೂರೋ ಸುಮ್ನೆ ಕೂತಲ್ಲೇ ದಪ್ಪ ಆಯ್ತು, ಡಾಲರ್ ಪಾಲು ಸಣ್ಣಗಾಯ್ತು. ಇದನ್ನ ಐಎಂಎಫ್‌ನವ್ರೇ ಬಿಡ್ಸಿ ಹೇಳಿದಾರೆ, ರೇಟು ಅಲ್ಲಾಡದೆ ಇದ್ದಿದ್ರೆ ಡಾಲರ್ ಪಾಲು 57.67% ಇರ್ತಿತ್ತು ಅಂತ. ಅಂದ್ರೆ 1.47 ಪಾಯಿಂಟ್ ಇಳಿಕೇಲಿ ನಿಜವಾಗ್ಲೂ ಇಳಿದಿರೋದು 0.12, ಬಾಕಿ 92% ಬರೀ ರೇಟಿನ ಆಟ. ಗ್ರಾಫು ಮಾಡ್ದವ್ನು ಈ ಸಾಲನ್ನ ಮಾತ್ರ ಕತ್ತರಿಸಿ ಬಿಟ್ಟಿದಾನೆ ನೋಡಿ.

ನಂಬಿಕೆ ಬರ್ಲಿಲ್ವಾ, ಕ್ಯಾಲ್ಕುಲೇಟರ್ ತಗೊಳಿ. ಯೂರೋ ಪಾಲು ಮೊದಲು 20.00% ಇತ್ತು. 1.08ರಿಂದ 1.17 ಅಂದ್ರೆ ಹತ್ರ ಹತ್ರ 8.3% ಏರಿಕೆ, 20 ಹೋಗಿ 21.66 ಆಗತ್ತೆ. ಆದ್ರೆ ಒಟ್ಟು ಮೊತ್ತನೂ ರೇಟಿನಿಂದ್ಲೇ 2.4% ಉಬ್ಬಿದೆ (57.67ನ್ನ 56.32ರಿಂದ ಭಾಗಿಸಿದ್ರೆ ಸಿಗತ್ತೆ). ಅದ್ರಿಂದ ಭಾಗಿಸಿ, 21.15 ಬರತ್ತೆ. ಐಎಂಎಫ್ ಕೊಟ್ಟಿರೋ ಅಂಕಿ 21.13. ಅಂದ್ರೆ ಯಾರೂ ಯೂರೋ ಬಾಚ್ಕೊಳ್ಳೋಕೆ ಓಡಿಲ್ಲ.


ಚಿಕ್ಕಪೇಟೆ ಚೀಟಿ:

ಅಣ್ಣಾ ಲೆಕ್ಕ ಚೆನ್ನಾಗೇ ಹೇಳ್ತೀರ, ಆದ್ರೆ ಈ ಐಎಂಎಫ್ ಆಫೀಸ್ ಎಲ್ಲಿದೆ? ವಾಷಿಂಗ್ಟನ್ನಲ್ಲೇ ತಾನೆ? ಅವ್ರು 'ಡಾಲರ್ ಬಿದ್ದಿಲ್ಲ ಬಿದ್ದ ಹಾಗೆ ಕಾಣ್ತಿದೆ' ಅಂತ ಹೇಳ್ದೆ ಇನ್ನೇನ್ ಹೇಳ್ತಾರೆ. 1999ರಲ್ಲಿ 71% ಇತ್ತು, ಈಗ 56. ಇಪ್ಪತ್ತಾರು ವರ್ಷದಿಂದಾನೂ ಬರೀ ರೇಟಿನ ಆಟಾನಾ ಇದು? 2022ರಲ್ಲಿ ರಷ್ಯಾದವ್ರ ದುಡ್ಡು ಫ್ರೀಜ್ ಮಾಡಿದ್ರು, ಅವತ್ತಿಂದ ಎಲ್ಲಾ ದೇಶಕ್ಕೂ ಭಯ. ಎಲ್ಲಾ ಚಿನ್ನ ತಗೋತಿದಾರೆ, ನಮ್ ಆರ್‌ಬಿಐ ಕೂಡ. ಬ್ರಿಕ್ಸ್ ಕರೆನ್ಸಿ ಬಂದ್ರೆ ಮುಗೀತು.


ಶುಕ್ರವಾರದ ಲೆಕ್ಕ:

ಚೀಟಿ ಅವ್ರೆ, ಅರ್ಧ ಒಪ್ತೀನಿ, ಸುಮ್ನೆ ಮಾತಿಗೆ ಅಲ್ಲ. ಇಪ್ಪತ್ತೈದು ವರ್ಷದ ಇಳಿಕೆ ನಿಜ, ಅದು ರೇಟಿನ ಆಟ ಅಲ್ಲ. ನಾನು ಹೇಳಿದ್ದು ಈ ಒಂದು ಕ್ವಾರ್ಟರಿನ ಇಳಿಕೆ ಬಗ್ಗೆ. ಚಿನ್ನದ ವಿಷ್ಯದಲ್ಲಿ ನಿಮ್ ಮಾತಿಗೆ ತೂಕ ಇದೆ, 2022, 2023, 2024 ಮೂರು ವರ್ಷನೂ ಸೆಂಟ್ರಲ್ ಬ್ಯಾಂಕುಗಳೆಲ್ಲ ಸೇರಿ ವರ್ಷಕ್ಕೆ ಸಾವಿರ ಟನ್ ಮೇಲೆ ಚಿನ್ನ ತಗೊಂಡಿವೆ, ನಮ್ ಆರ್‌ಬಿಐ ಹತ್ರ 880 ಟನ್ ಆಸುಪಾಸು ಇದೆ, 2024ರಲ್ಲಿ ಇಂಗ್ಲೆಂಡಿಂದ 100 ಟನ್ ವಾಪಸ್ ಕೂಡ ತರಿಸ್ಕೊಂಡ್ರು. ಕೋಫರಲ್ಲಿ ಚಿನ್ನ ಸೇರಲ್ಲ ಅಂದ್ಮೇಲೆ ಡಾಲರ್ ಮಾರಿ ಚಿನ್ನ ತಗೊಂಡವ್ರ ಪೂರ್ತಿ ಕಥೆ ಆ 56ರಲ್ಲಿ ಸಿಗಲ್ಲ. ಇದು ಆ ಅಂಕಿಯ ದೊಡ್ಡ ಕುರುಡು ಜಾಗ.

ಇನ್ನರ್ಧ ಒಪ್ಪಲ್ಲ. 71ರಿಂದ ಇಳಿದಿದ್ದು ಎಲ್ಲಿಗೆ ಹೋಯ್ತು ನೋಡಿ. ಚೀನಾ ಯುವಾನ್ ಪಾಲು ಇವತ್ತಿಗೂ 2%ರ ಆಸುಪಾಸಲ್ಲೇ ತೆವಳ್ತಿದೆ. ಜಾಸ್ತಿ ಹೋಗಿರೋದು ಆಸ್ಟ್ರೇಲಿಯಾ ಡಾಲರ್, ಕೆನಡಾ ಡಾಲರ್, ಕೊರಿಯಾದ ವಾನ್, ಸ್ವೀಡನ್ ಕ್ರೋನಾ ಇಂಥ ಚಿಲ್ಲರೆ ಪಲ್ಲರೆಗೆ. ಒಬ್ಬ ಯಜಮಾನನ್ನ ಇಳಿಸಿ ಇನ್ನೊಬ್ಬನ್ನ ಕೂರ್ಸಿದ ಹಾಗಲ್ಲ ಇದು, ದೊಡ್ಡ ಅಂಗಡಿ ಗಿರಾಕಿಗಳು ಬೀದಿಲಿರೋ ಹತ್ತು ಸಣ್ಣ ಅಂಗಡಿಗೆ ಹಂಚಿಹೋದ ಹಾಗೆ. ಬ್ರಿಕ್ಸ್ ಕರೆನ್ಸಿ ಅಂತ ಒಂದು ನೋಟು ಎಲ್ಲೂ ಚಲಾವಣೇಲಿ ಇಲ್ಲ, ವಾಟ್ಸಾಪಲ್ಲಿ ಬಿಟ್ರೆ.


ಕೆಎಎಸ್ ಮೂರನೇ ಸಲ:

ಮಧ್ಯೆ ಬಾಯಿ ಹಾಕ್ತಿರೋದಕ್ಕೆ ಕ್ಷಮಿಸಿ, ವಿಜಯನಗರದಲ್ಲಿ ಕೋಚಿಂಗಿಗೆ ಹೋಗ್ತೀನಿ, ಅಲ್ಲಿ ನೋಟ್ಸಲ್ಲಿ 'ವಿದೇಶಿ ವಿನಿಮಯದಲ್ಲಿ ಡಾಲರ್ ಪಾಲು 89%' ಅಂತ ಇದೆ. ಇಲ್ಲಿ 56 ಅಂತೀರ. ನೋಟ್ಸ್ ತಪ್ಪಾ? ಇನ್ನೊಂದು, ಡಾಲರ್ ಇಂಡೆಕ್ಸ್ ಈ ವರ್ಷ ಮೊದಲ ಆರು ತಿಂಗಳಲ್ಲಿ 10% ಮೇಲೆ ಬಿತ್ತು ಅಂತಾನೂ ಓದ್ದೆ, ಹಂಗಿದ್ರೆ ರುಪಾಯಿ ಮುಂದೆ ಯಾಕೆ ಬೀಳ್ಲಿಲ್ಲ?


ಶುಕ್ರವಾರದ ಲೆಕ್ಕ:

ಎರಡೂ ಸರಿ ಕಣಪ್ಪಾ, ಅಳತೆ ಬೇರೆ. 89% ಅನ್ನೋದು ಸೆಂಟ್ರಲ್ ಬ್ಯಾಂಕುಗಳಿಗೇ ಬ್ಯಾಂಕ್ ಆಗಿರೋ ಬಿಐಎಸ್‌ನವ್ರು ಮೂರು ವರ್ಷಕ್ಕೊಮ್ಮೆ ಏಪ್ರಿಲ್ ತಿಂಗಳ ವ್ಯಾಪಾರ ನೋಡಿ ಮಾಡೋ ಸಮೀಕ್ಷೆ, 2025ರ ಏಪ್ರಿಲಲ್ಲಿ ದಿನಕ್ಕೆ 9.6 ಟ್ರಿಲಿಯನ್ ಡಾಲರ್ ಕರೆನ್ಸಿ ವಹಿವಾಟು, ಅದ್ರಲ್ಲಿ ನೂರಕ್ಕೆ 89 ವ್ಯವಹಾರದ ಒಂದು ಕಡೆ ಡಾಲರ್ ಇದೆ. ಒಂದು ಮಜಾ ಏನಂದ್ರೆ ಆ ಪಟ್ಟಿಲಿ ಎಲ್ಲಾ ಕರೆನ್ಸಿ ಪಾಲು ಕೂಡಿದ್ರೆ 100 ಬರಲ್ಲ, 200 ಬರತ್ತೆ, ಯಾಕಂದ್ರೆ ಒಂದು ವ್ಯವಹಾರಕ್ಕೆ ಎರಡು ಕರೆನ್ಸಿ, ಒಂದು ಕೊಳ್ಳೋದು ಒಂದು ಮಾರೋದು. ಪರೀಕ್ಷೇಲಿ ಇದನ್ನ ಬರೆದ್ರೆ ಮಾರ್ಕ್ಸ್ ಬೀಳತ್ತೆ. ಕೋಫರ್ ಬೀರು ಲೆಕ್ಕ, ಬಿಐಎಸ್ ಬೀದಿ ಲೆಕ್ಕ ಅನ್ಕೊ.

ಡಾಲರ್ ಇಂಡೆಕ್ಸಲ್ಲಿ ಇರೋದೇ ಆರು ಕರೆನ್ಸಿ. ಯೂರೋ ಒಂದೇ 57.6%, ಆಮೇಲೆ ಯೆನ್, ಪೌಂಡ್, ಕೆನಡಾ ಡಾಲರ್, ಸ್ವೀಡನ್ ಕ್ರೋನಾ, ಸ್ವಿಸ್ ಫ್ರಾಂಕ್. ರುಪಾಯಿನೂ ಇಲ್ಲ ಯುವಾನೂ ಇಲ್ಲ. 1973ರಲ್ಲಿ ಕಟ್ಟಿದ ಬುಟ್ಟಿ ಅದು, ಯೂರೋ ಬಂದಾಗ ಹಳೇ ಯುರೋಪ್ ಕರೆನ್ಸಿಗಳನ್ನ ತೆಗೆದು ಅದನ್ನ ಹಾಕಿದ್ದು ಬಿಟ್ರೆ ಬದಲಾಗೇ ಇಲ್ಲ. ಹಂಗಾಗಿ 'ಡಾಲರ್ ಬಿತ್ತು' ಅಂದ್ರೆ ಯೂರೋ ಯೆನ್ ಮುಂದೆ ಬಿತ್ತು ಅಂತ, ನಮ್ ಮುಂದೆ ಅಂತಲ್ಲ. ನಮಗೆ ಬೇರೆ ಸಂಕಟ ಇತ್ತು, ಆಗಸ್ಟ್ 27ರಿಂದ ಅಮೆರಿಕದವ್ರು 50% ಸುಂಕ ಹಾಕಿದ್ರು, ವಿದೇಶಿ ಹೂಡಿಕೆದಾರ್ರು ನಮ್ ಷೇರು ಮಾರಿ ಹೊರಟ್ರು, ಆ ವಾರದಲ್ಲೇ ರುಪಾಯಿ ಮೊದಲ್ನೇ ಸಲ 88 ದಾಟಿದ್ದು. ಪೀಣ್ಯ ಸಾರ್, 'ಎರಡೂ ಒಟ್ಟಿಗೆ ಹೇಗೆ ಬೀಳತ್ತೆ' ಅಂತ ಕೇಳಿದ್ರಲ್ಲ, ಹೀಗೆ. ಡಾಲರ್ ಒಂದು ಮೆಟ್ಟಿಲು ಇಳೀತು, ನಾವು ಎರಡು ಇಳಿದ್ವಿ.

ರುಪಾಯಿ ಒಟ್ಟಾರೆ ಎಲ್ಲಿದೆ ಅಂತ ತಿಳೀಬೇಕಾದ್ರೆ ಬರೀ ಡಾಲರ್ ನೋಡ್ಬೇಡಿ, ಆರ್‌ಬಿಐ ಬುಲೆಟಿನ್ನಲ್ಲಿ ತಿಂಗಳಾ ತಿಂಗಳಾ ಆರ್‌ಇಇಆರ್ ಅಂತ ಕೊಡ್ತಾರೆ, 40 ದೇಶದ ಕರೆನ್ಸಿ ಬುಟ್ಟಿ, ಬೆಲೆಯೇರಿಕೆ ವ್ಯತ್ಯಾಸ ಕೂಡ ಕಳೆದಿರೋದು, 2015-16ನ್ನ 100 ಅಂತ ಇಟ್ಕೊಂಡು. 100ರ ಮೇಲಿದ್ರೆ ಆ ವರ್ಷಕ್ಕಿಂತ ರುಪಾಯಿ ದುಬಾರಿ, ಕೆಳಗಿದ್ರೆ ಅಗ್ಗ. ರಫ್ತು ಮಾಡೋರಿಗೆ ಅದು ಇಳಿದ್ರೆ ಖುಷಿ.


ರಿಟೈರ್ಡ್ ಮೇಷ್ಟ್ರು:

ಚೆನ್ನಾಗಿ ನಡೀತಿದೆ ಚರ್ಚೆ. ನಾನು ಕಾಲೇಜಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಹೇಳ್ಕೊಟ್ಟವ್ನು, ಸ್ವಲ್ಪ ಕೊರೆಯಕ್ಕೆ ಬಿಡಿ. ಎಲ್ರೂ ಬೀರುಲಿ ಎಷ್ಟಿದೆ ಅಂತ ಹೇಳಿದ್ರಿ, ಪೀಣ್ಯದವ್ರು ತಮಗೇ ಗೊತ್ತಿಲ್ದೆ ಇನ್ನೊಂದು ದೊಡ್ಡ ವಿಷ್ಯ ಮೊದಲ್ನೇ ಪ್ಯಾರಾದಲ್ಲೇ ಹೇಳ್ಬಿಟ್ಟಿದಾರೆ. ಮಾಡಿದ್ದು ಪೀಣ್ಯದಲ್ಲಿ, ತಗೊಳ್ಳೋನು ಜರ್ಮನಿಲಿ, ಬಿಲ್ಲು ಮಾತ್ರ ಅಮೆರಿಕದ ದುಡ್ಡಲ್ಲಿ. ಜಾಗತಿಕ ಪಾತ್ರ ಅಂತಾರಲ್ಲ, ಅದು ಇದೇ. ನಮ್ ಮೈಸೂರಲ್ಲಿ ಓದಿ ಬೆಳೆದ ಅರ್ಥಶಾಸ್ತ್ರಜ್ಞೆ ಗೀತಾ ಗೋಪಿನಾಥ್ ಹೆಸರು ಮಾಡಿದ್ದು ಇದೇ ವಿಷ್ಯದಲ್ಲಿ, ಆಕೆ 2015ರ ಪ್ರಬಂಧದಲ್ಲಿ ತೋರಿಸಿದ್ದು ಏನಂದ್ರೆ ಭಾರತದ ಆಮದಲ್ಲಿ 86% ಬಿಲ್ಲು ಡಾಲರಲ್ಲಿ, ಆದ್ರೆ ಅಮೆರಿಕದಿಂದ ಬರೋ ಸರಕು ಬರೀ 5%. ಕೋಫರ್ ಅಂಕಿ ಒಂದೆರಡು ಪಾಯಿಂಟ್ ಮೇಲೆ ಕೆಳಗೆ ಆದ್ರೆ ಈ ಅಭ್ಯಾಸ ಅಲ್ಲಾಡಲ್ಲ, ಅಂಗಡಿಯವ್ನು ಗಿರಾಕಿ ಇಬ್ರೂ ಒಗ್ಗಿಹೋಗಿರೋ ಅಳತೆ ಅದು. ಸೇರು ಪಾವು ಹೋಗಿ ಲೀಟರು ಬಂದು ಎಷ್ಟು ವರ್ಷ ಆಯ್ತು, ಅವರೆಕಾಯಿ ಕಾಲದಲ್ಲಿ ಸುಲಿದ ಕಾಳನ್ನ ಇವತ್ತಿಗೂ ಸೇರಲ್ಲೇ ಅಳೆಯೋರಿಲ್ವಾ.

ಪಾತ್ರ ಕಳ್ಕೊಳ್ಳೋದು ಹೇಗಿರತ್ತೆ ಅಂತ ನೋಡಕ್ಕೆ ದೂರ ಹೋಗೋದೇ ಬೇಡ. ನಮ್ ರುಪಾಯಿಗೆ ಒಂದು ಕಾಲದಲ್ಲಿ ಹೊರದೇಶದಲ್ಲಿ ದರ್ಬಾರಿತ್ತು. ಕುವೈತ್, ಬಹ್ರೇನ್, ಕತಾರ್, ದುಬೈ ಎಲ್ಲಾ ಕಡೆ ನಡೀತಿದ್ದಿದ್ದು ರುಪಾಯಿನೇ. ಚಿನ್ನದ ಕಳ್ಳಸಾಗಣೆಗೆ ಆ ನೋಟು ಬಳಸಿ ನಮ್ ವಿದೇಶಿ ವಿನಿಮಯ ಸೋರ್ತಿತ್ತು ಅಂತ 1959ರಲ್ಲಿ ಆರ್‌ಬಿಐ ಅಲ್ಲಿಗೇ ಅಂತ ಬೇರೆ ಬಣ್ಣದ ಗಲ್ಫ್ ರುಪಾಯಿ ನೋಟು ಅಚ್ಚು ಹಾಕ್ತು. ಕುವೈತ್ 1961ರಲ್ಲಿ ದಿನಾರ್ ಮಾಡ್ಕೊಂಡ್ರು, ಬಹ್ರೇನ್ 1965ರಲ್ಲಿ. 1966ರ ಜೂನ್ 6ಕ್ಕೆ ಸರ್ಕಾರ ಡಾಲರಿಗೆ 4.76 ಇದ್ದ ರುಪಾಯಿನ 7.50ಕ್ಕೆ ಇಳಿಸ್ತು, ಕತಾರ್ ದುಬೈನವ್ರು ಅದೇ ವರ್ಷ ಕೈ ಬಿಟ್ರು. ಯಾರ್ ತಾನೆ ಬೇರೆಯವ್ರ ದುಡ್ಡು ಇಟ್ಕೊಂಡು ರಾತ್ರೋರಾತ್ರಿ ಮೂರನೇ ಒಂದು ಭಾಗ ಕಳ್ಕೊಳ್ಳೋಕೆ ತಯಾರಿರ್ತಾರೆ? ಈಗ 2022ರ ಜುಲೈಯಿಂದ ರುಪಾಯಿಲೇ ವಿದೇಶಿ ವ್ಯಾಪಾರದ ಲೆಕ್ಕ ಚುಕ್ತಾ ಮಾಡೋಕೆ ವೋಸ್ಟ್ರೋ ಖಾತೆ (ವಿದೇಶಿ ಬ್ಯಾಂಕು ನಮ್ ಬ್ಯಾಂಕಲ್ಲಿ ಇಡೋ ರುಪಾಯಿ ಖಾತೆ) ಅಂತ ಮತ್ತೆ ಶುರು ಮಾಡಿದಾರೆ. ಬಿಡೋದು ಒಂದೇ ದಿನದ ಕೆಲ್ಸ, ಮತ್ತೆ ಹಿಡಿಯೋದಿದೆಯಲ್ಲ, ಅದಕ್ಕೆ ತಲೆಮಾರೇ ಬೇಕು.


ಚಿಕ್ಕಪೇಟೆ ಚೀಟಿ:

ಮೇಷ್ಟ್ರೇ ಗಲ್ಫ್ ರುಪಾಯಿ ವಿಷ್ಯ ಗೊತ್ತೇ ಇರ್ಲಿಲ್ಲ, ನಮ್ ತಾತ ದುಬೈಗೆ ರೇಷ್ಮೆ ಕಳಿಸ್ತಿದ್ರು ಅಂತ ಹೇಳ್ತಿದ್ರು, ದುಡ್ಡು ರುಪಾಯಿಲೇ ಬರ್ತಿತ್ತು ಅಂದಾಗ ನಾವೆಲ್ಲ ನಗ್ತಿದ್ವಿ. ಚಿನ್ನದ ಮಾತು ಮಾತ್ರ ವಾಪಸ್ ತಗೊಳಲ್ಲ.


ಕೆಎಎಸ್ ಮೂರನೇ ಸಲ:

ಒಂದೇ ಒಂದು ಡೌಟು. ಶನಿವಾರ ಪೇಪರಲ್ಲಿ 'ವಿದೇಶಿ ವಿನಿಮಯ ಮೀಸಲು ಇಷ್ಟು ಕೋಟಿ ಡಾಲರ್ ಏರಿಕೆ' ಅಂತ ಬರತ್ತಲ್ಲ, ಅದೂ ಬೀರು ಕಥೆನೇನಾ?


ಶುಕ್ರವಾರದ ಲೆಕ್ಕ:

ಅದೇ ಕಥೆ. ಆ ಸುದ್ದಿ ಕೊನೇಲಿ ಒಂದು ಸಾಲು ಇರತ್ತೆ, ಯೂರೋ ಪೌಂಡ್ ಯೆನ್ ಏರಿಳಿತದ ಪರಿಣಾಮನೂ ಇದ್ರಲ್ಲಿ ಸೇರಿದೆ ಅಂತ, ಯಾರೂ ಓದಲ್ಲ. ಆರ್‌ಬಿಐ ತಾನೇ ಹೋಗಿ ಡಾಲರ್ ಕೊಂಡಿರ್ಲಿಲ್ಲ ಅಂದ್ರೂ ಯೂರೋ ಏರಿದ್ರೆ ಮೀಸಲು ಏರತ್ತೆ. ಕ್ವಾರ್ಟರಿಗೊಮ್ಮೆ ಕೊಡೋ ಪಾವತಿ ಶೇಷದ (ದೇಶಕ್ಕೆ ಬಂದ, ದೇಶದಿಂದ ಹೋದ ದುಡ್ಡಿನ) ಲೆಕ್ಕದಲ್ಲಿ ಮಾತ್ರ ಎರಡನ್ನೂ ಬೇರೆ ಮಾಡಿ ತೋರಿಸ್ತಾರೆ, ನಿಜವಾಗಿ ಬಂದಿದ್ದೆಷ್ಟು, ಮೌಲ್ಯ ಬದಲಾಗಿ ಉಬ್ಬಿದ್ದೆಷ್ಟು ಅಂತ. ವಾರದ ಅಂಕಿ ನೋಡಿ ಕುಣಿಯೋದಕ್ಕಿಂತ ಅದನ್ನ ಕಾಯ್ದು ನೋಡೋದು ಮೇಲು. ಹಳೇ ಕ್ವಾರ್ಟರ್ ಅಂಕಿ ಆಮೇಲೆ ತಿದ್ದುಪಡಿ ಕೂಡ ಆಗತ್ತೆ, ಹಂಗಾಗಿ ಎರಡು ಬೇರೆ ಬೇರೆ ದಿನದ ಪೇಪರ್ ಕಟಿಂಗ್ ಇಟ್ಕೊಂಡು ಕಳೀಬೇಡಿ, ಒಂದೇ ದಿನ ಇಳಿಸ್ಕೊಂಡ ಟೇಬಲ್ಲಲ್ಲಿ ಎರಡೂ ಅಂಕಿ ನೋಡಿ.

ಪೀಣ್ಯ ಸಾರ್, ನಿಮಗೊಂದು. ಕೋಫರ್ ಮುಂದಿನ ಅಂಕಿ ಡಿಸೆಂಬರ್ ಕೊನೆ ಹೊತ್ತಿಗೆ ಬರ್ಬೇಕು. ಜೂನ್ ಕೊನೆಗೂ ಸೆಪ್ಟೆಂಬರ್ ಕೊನೆಗೂ ಯೂರೋ ಹೆಚ್ಚು ಕಮ್ಮಿ ಅದೇ 1.17ರಲ್ಲಿದೆ. ಹಾಗಾಗಿ ಆ ಸಲ ರೇಟಿನ ಆಟ ಕಮ್ಮಿ, ಪಾಲು ಬದಲಾದ್ರೆ ಅದು ನಿಜವಾಗಿ ಕೊಂಡು ಮಾರಿದ್ದರಿಂದ ಬದಲಾಗಿರೋ ಸಾಧ್ಯತೆ ಜಾಸ್ತಿ. ಬಾಮೈದನಿಗೆ ಆಗ ಗ್ರಾಫು ಕಳ್ಸೋಕೆ ಹೇಳಿ.

ಫಾರ್ವರ್ಡ್ ವಿಷ್ಯ, ಅದಕ್ಕೂ ಈ 56ಕ್ಕೂ ಸಂಬಂಧ ಇಲ್ಲ. ರಫ್ತುದಾರ್ರು ಡಾಲರ್ ಫಾರ್ವರ್ಡ್ ಮಾರಿದ್ರೆ ಇವತ್ತಿನ ರೇಟ್ ಮೇಲೆ ಸ್ವಲ್ಪ ಪ್ರೀಮಿಯಂ ಸಿಗತ್ತೆ, ನಮ್ ಬಡ್ಡಿ ಅವ್ರ ಬಡ್ಡಿಗಿಂತ ಜಾಸ್ತಿ ಇರೋದ್ರಿಂದ. ಕೈಗೆ ಬಂದಿರೋ ಆರ್ಡರಿಗೆ, ಮಾರ್ಜಿನ್ ತಡ್ಕೊಳ್ಳೋ ಅಷ್ಟಕ್ಕೆ ಬುಕ್ ಮಾಡಿ. ಇನ್ನೂ ಬರ್ದೇ ಇರೋ ಆರ್ಡರಿಗೆ ಒಂದು ವರ್ಷದ್ದೆಲ್ಲ ಬುಕ್ ಮಾಡಿದ್ರೆ ಆರ್ಡರ್ ಕ್ಯಾನ್ಸಲ್ ಆದಾಗ ಬ್ಯಾಂಕಿಗೆ ನೀವೇ ಕಟ್ಟಿಕೊಡ್ಬೇಕಾಗ್ಬೋದು. ಅದಕ್ಕಿಂತ ಮೊದಲು ಒಂದು ಕೆಲ್ಸ ಮಾಡಿ, ಮೇಷ್ಟ್ರು ಹೇಳಿದ್ರಲ್ಲ, ಆ ಬಿಲ್ಲನ್ನೇ ಹಿಡ್ಕೊಂಡು ಕೂತ್ಕೊಳಿ. 4.32 ಡಾಲರಿಗೆ ಮಾರ್ಚಲ್ಲಿ ನಿಮ್ ಜರ್ಮನ್ನವ್ನು ಕೊಟ್ಟಿದ್ದು ಎಷ್ಟು ಯೂರೋ, ಜೂನಲ್ಲಿ ಎಷ್ಟು?


ಪೀಣ್ಯ ಲೇತ್:

ಗುರುಗಳೇ ನಿನ್ನೆ ರಾತ್ರಿ ಶೆಡ್ಡಲ್ಲೇ ಕೂತು ಲೆಕ್ಕ ಹಾಕ್ದೆ, ನಿದ್ದೆ ಹೋಯ್ತು. ಮಾರ್ಚಲ್ಲಿ ಅವ್ನು ಕೊಟ್ಟಿದ್ದು 4.00 ಯೂರೋ, ಜೂನಲ್ಲಿ 3.69. ನಮಗೆ ಆಗ 369 ರುಪಾಯಿ ಚಿಲ್ಲರೆ ಬರ್ತಿತ್ತು, ಜೂನಲ್ಲಿ 370, ಅಷ್ಟೇ. ಅಂದ್ರೆ ನಾನು ರೇಟ್ ಒಂದು ಪೈಸೆ ಇಳಿಸ್ದೆ ಅವ್ನಿಗೆ ಪೀಸಿಗೆ 31 ಸೆಂಟ್ ಡಿಸ್ಕೌಂಟ್ ಕೊಟ್ಟಿದೀನಿ, ಆ ಮಾತು ಅವ್ನೂ ಹೇಳಿಲ್ಲ, ನನಗೂ ಗೊತ್ತಾಗಿಲ್ಲ. ಬಿಲ್ಲು 4 ಯೂರೋ ಅಂತ ಇದ್ದಿದ್ರೆ ಜೂನಲ್ಲಿ ಯೂರೋ 100 ರುಪಾಯಿ ದಾಟಿತ್ತು, 400ರ ಮೇಲೆ ಬರ್ತಿತ್ತು. ಹತ್ತು ಸಾವಿರ ಪೀಸಿನ ಲಾಟಿಗೆ ಮೂರು ಲಕ್ಷ ಸಾರ್! ಹಿತ್ತಾಳೆ ರಾಡು ಕೆಜಿಗೆ ಐದು ರುಪಾಯಿ ಏರಿದ್ರೆ ಸಪ್ಲೈಯರ್ ಜೊತೆ ಅರ್ಧ ದಿನ ಜಗಳ ಆಡೋನು ನಾನು.

ಬೆಳಗ್ಗೆ ಜರ್ಮನಿಗೆ ಮೇಲ್ ಹಾಕ್ದೆ, ಮುಂದಿನ ಆರ್ಡರಿಂದ ಯೂರೋ ಬಿಲ್ಲು, ಪೀಸಿಗೆ 4.00 ಅಂತ. ಅವ್ನೇನ್ ದಡ್ಡನಾ, ಮಧ್ಯಾಹ್ನಕ್ಕೆಲ್ಲ ಉತ್ತರ ಬಂತು, ಯೂರೋ ಆಗ್ಬೋದು ಆದ್ರೆ ಇವತ್ತಿನ ಲೆಕ್ಕದಲ್ಲಿ 3.69 ಅಂತ. ನಾನು 3.90 ಅಂದೆ. ಸದ್ಯಕ್ಕೆ 3.80ರಲ್ಲಿ ನಿಂತಿದೆ, ಇವತ್ತಿನ ರೇಟಲ್ಲಿ ಈಗ ಬರೋದಕ್ಕಿಂತ ಪೀಸಿಗೆ ಹತ್ತು ಹನ್ನೊಂದು ರುಪಾಯಿ ಜಾಸ್ತಿ.

ಫಾರ್ವರ್ಡು ಕೈಯಲ್ಲಿರೋ ಎರಡು ಪರ್ಚೇಸ್ ಆರ್ಡರಿಗೆ ಮಾತ್ರ ಅರ್ಧ ಬುಕ್ ಮಾಡ್ತೀನಿ. ಬಾಮೈದನಿಗೆ ಈ ಚರ್ಚೆ ಲಿಂಕ್ ಕಳಿಸ್ದೆ, 'ಯೂರೋ ಕೂಡ ಬೀಳತ್ತೆ ಭಾವ, ನನ್ನ ಹತ್ರ ಇನ್ನೊಂದು ಗ್ರಾಫ್ ಇದೆ' ಅಂತ ರಿಪ್ಲೈ ಮಾಡಿದಾನೆ.


ಇಡ್ಲಿ ಸೂಚ್ಯಂಕ:

ಆ ಗ್ರಾಫ್‌ನೂ ಇಲ್ಲೇ ಹಾಕಿ ಸಾರ್, ಶುಕ್ರವಾರ ಸಂಜೆ ಹೇಗೂ ಅವ್ರು ಫ್ರೀ ಇರ್ತಾರೆ